ಲಾಟ್ ಸಾಹೇಬರ ಊಟದ ಮೇಜು

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಬಾಲಿಗಂಜಿನ ನನ್ನ ಫ್ಲ್ಯಾಟಿಗೆ ಕರೆತಂದೆ. ನಾನಾಗ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೆ. ಮೂಗಿನ ತುದಿಯಲ್ಲೇ ಕೋಪ ನನಗೆ. ಅಪ್ಪ ಮೂವತ್ತು ವರ್ಷ ದಿಲ್ಲಿಯ ರಾಷ್ಟ್ರಪತಿ ಭವನದಲ್ಲಿ ಊಟದ ಮೇಜು ಸಜ್ಜು ಮಾಡಿ ಬಡಿಸಿದವರು. ಆಫೀಸಿನಲ್ಲಿ ಯಾರಾದರೂ ಕೇಳಿದರೆ ಸರ್ಕಾರಿ ನೌಕರಿ ಅಂತಷ್ಟೇ ಹೇಳುತ್ತಿದ್ದೆ. ಬಡಿಸುವ ಕೆಲಸ ಅನ್ನೋಕೆ ನಾಚಿಕೆ. ಹಾಳು ನಾಚಿಕೆ!

ಹಿಂದೆ ಲಾಟ್ ಸಾಹೇಬರು, ಅಂದರೆ ಬ್ರಿಟಿಷ್ ಗವರ್ನರುಗಳು, ವಾಸವಿದ್ದ ಬಂಗಲೆಯೊಂದು ಮ್ಯೂಸಿಯಂ ಆಗಿದೆ, ನೋಡಿ ಬರೋಣ ಅಂದಾಗ ಅಪ್ಪನ ಮುಖ ಅರಳಿತು. ಭಾನುವಾರ ಬೆಳಗ್ಗೆ ನಾನು ಹಲ್ಲುಜ್ಜುವಷ್ಟರಲ್ಲಿ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಾಗಿಲ ಹತ್ತಿರ ಕೂತಿದ್ದರು.

"ಏನಪ್ಪಾ, ಡ್ಯೂಟಿಗೆ ಹೊರಟ ಹಾಗಿದೆ?"

"ದೊಡ್ಡವರ ಮನೆ ಅಲ್ವೇನೇ?"

ಊಟದ ಕೋಣೆಯಲ್ಲಿ ಹಗ್ಗದಾಚೆ ಉದ್ದದ ಮೇಜು, ಇಪ್ಪತ್ತು ಜನಕ್ಕೆ ತಟ್ಟೆ, ಚಾಕು, ಫೋರ್ಕು ಜೋಡಿಸಿಟ್ಟಿದ್ದರು. ಅಪ್ಪ ಹುಬ್ಬು ಗಂಟಿಕ್ಕಿದರು. "ಅಲಗು ತಟ್ಟೆ ಕಡೆಗೆ ಇರಬೇಕು ಕಣೆ. ಪಕ್ಕದ ಅತಿಥಿ ಕಡೆಗೆ ತಿರುಗಿಸಿದ್ದಾರಲ್ಲ! ಅವಮಾನ ಅದು."

"ಈಗೇನು ಅತಿಥಿ ಬರ್ತಾರಾ? ಸುಮ್ನೆ ಬನ್ನಿ," ಅಂತ ಗದರಿ ಮುಂದಿನ ಕೋಣೆಗೆ ಹೋದೆ. ಹಿಂದೆ ಕೂಗಾಟ ಕೇಳಿ ತಿರುಗಿ ಓಡಿಬಂದರೆ ಅಪ್ಪ ಹಗ್ಗದಾಚೆ ನಿಂತಿದ್ದಾರೆ. ಬೆರಳ ಗುರುತು ಬೀಳಬಾರದೆಂದು ಕರವಸ್ತ್ರ ಸುತ್ತಿದ ಕೈಯಲ್ಲಿ ಬೆಳ್ಳಿ ಚಾಕು. ಆರು ಚಾಕು ಆಗಲೇ ಸರಿಯಾಗಿದ್ದವು. ಏಳನೆಯದನ್ನು ಇಡುವ ಮೊದಲೇ ಕಾವಲುಗಾರ ಅವರ ತೋಳು ಹಿಡಿದಿದ್ದ.

ನೋಡುಗರೆಲ್ಲ ಸುತ್ತ ನೆರೆದರು. "ಕಳ್ಳ ಇರಬೇಕು," ಅಂದರು ಯಾರೋ. ಕಾವಲುಗಾರ ನನ್ನನ್ನು ಹಿಂದಿಯಲ್ಲಿ ಕೇಳಿದ, "ಯಾರು ಇವರು?"

ಇವರು ರಾಷ್ಟ್ರಪತಿಗಳಿಗೆ ಬಡಿಸಿದವರು, ಈ ಕೆಲಸ ಇವರಿಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲೇ ಇಲ್ಲ ಅನ್ನಬಹುದಿತ್ತು. ನಾನು ಅಂದದ್ದು ಬೇರೆ. "ನಮ್ಮ ತಂದೆ. ತಲೆ ಸರಿಯಿಲ್ಲ. ಬಿಟ್ಟುಬಿಡಿ."

ಅಪ್ಪನಿಗೆ ನನಗಿಂತ ಚೆನ್ನಾಗಿ ಹಿಂದಿ ಬರುತ್ತಿತ್ತು. ನನ್ನ ಮುಖವನ್ನೊಮ್ಮೆ ನೋಡಿದರು. ಚಾಕುವನ್ನು ಮೊದಲಿದ್ದ ಹಾಗೇ, ಅಲಗು ಹೊರಗೆ ಮಾಡಿ ಇಟ್ಟರು. ಆಮೇಲೆ ಕಾವಲುಗಾರನಿಗೆ ಕೈಮುಗಿದು, "ಹೌದು ಸಾಹೇಬ್, ಕೆಲವೊಮ್ಮೆ ನನಗೆ ತಿಳಿಯೋದಿಲ್ಲ. ಮಗಳದ್ದೇನೂ ತಪ್ಪಿಲ್ಲ," ಅಂದರು.

ಬಸ್ಸಿನಲ್ಲಿ ನನಗೆ ಅಳು ಒತ್ತರಿಸಿ ಬರುತ್ತಿತ್ತು. ತಪ್ಪಾಯ್ತಪ್ಪಾ ಅನ್ನಬೇಕು, ಈಗಲೇ ಅನ್ನಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರೇ ನನ್ನ ಮಂಡಿಯ ಮೇಲೆ ಕೈಯಿಟ್ಟರು.

"ಒಳ್ಳೇದೇ ಮಾಡಿದೆ ಮಗೂ. ಹಾಗಂದಿದ್ದಕ್ಕೇ ಬೇಗ ಬಿಟ್ಟ."

ಸಮಾಧಾನ ಹೇಳಬೇಕಾದವಳು ನಾನು, ಹೇಳಿದವರು ಅವರು! ನಾಳೆ ಕ್ಷಮೆ ಕೇಳಿದರಾಯಿತು ಅಂದುಕೊಂಡೆ. ನಾಳೆ ಆಫೀಸಿತ್ತು, ನಾಳಿದ್ದೂ ಇತ್ತು. ಆ ಚಳಿಗಾಲ ಮುಗಿಯುವ ಮೊದಲೇ ಅಪ್ಪ ಹೋಗಿಬಿಟ್ಟರು. ನಾನು ಕೇಳಲೇ ಇಲ್ಲ.