ಅಂಗಿ ಒಗೆಯುವ ಸರದಿ

ಸಕ್ಕರೆ ಬೀಟ್‌ರೂಟ್ ಹೊಲಗಳ ನಡುವಿನ ನಮ್ಮೂರಿನಿಂದ ದೊಡ್ಡ ಕ್ಲಬ್ಬುಗಳಿಗೆ ಹೋಗಿ ಫುಟ್‌ಬಾಲ್ ಆಡಿದವನು ಲುದೊವಿಕ್ ಒಬ್ಬನೇ. ಹಾಗೆಂದು ಅವನ ಹೆಸರು ದೇಶದಲ್ಲಿ ಯಾರ ಬಾಯಲ್ಲೂ ಉಳಿಯಲಿಲ್ಲ. ಅವನದು ಮೈದಾನದ ನಡುವಿನ ಆಟ. ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಕೊಡುವುದು. ಗೋಲು ಬಿದ್ದಾಗ ಟಿವಿಯಲ್ಲಿ ಬೇರೆಯವರ ಮುಖ ಕಾಣುತ್ತಿತ್ತು. ಕ್ಲಬ್ಬುಗಳೂ ಅವನನ್ನು ಹಾಗೆಯೇ ಒಂದರಿಂದ ಇನ್ನೊಂದಕ್ಕೆ ದಾಟಿಸಿದವು. ಎಲ್ಲ ಊರಲ್ಲೂ ಬಾಡಿಗೆ ಮನೆ, ಬಿಚ್ಚದ ಪೆಟ್ಟಿಗೆಗಳು. ಕೊನೆಗೊಂದು ಸಲ ಹೆಂಡತಿ ದೆಲ್ಫಿನ್ ತಾನು ಬರುವುದಿಲ್ಲ, ನೀನೊಬ್ಬನೇ ಹೋಗು ಅಂದಳಂತೆ. ಅವನು ಹೋದ.

ಮೊಣಕಾಲು ಕೈಕೊಟ್ಟ ಮೇಲೆ ಹಿಂದಿರುಗಿದ. ತೀರಿಹೋದ ತಾಯಿಯ ಇಟ್ಟಿಗೆ ಮನೆಯಲ್ಲಿ ಒಬ್ಬನೇ ಇದ್ದ. ಭಾನುವಾರ ಬೆಳಿಗ್ಗೆ ಆಡುವ ಹಿರಿಯರ ತಂಡಕ್ಕೆ ಸೇರಿಕೊಂಡ. ಮೈದಾನದ ಬದಿಯಲ್ಲಿ ನಮ್ಮಮ್ಮ ಕಾಫಿ, ಬಿಯರ್ ಮಾರುತ್ತಾಳೆ, ನಾನೂ ಅಲ್ಲಿರುತ್ತೇನೆ.

ಮೊದಲ ದಿನವೇ ತಪ್ಪಾಯಿತು. ಆಟ ಮುಗಿದ ಮೇಲೆ ಲುದೊವಿಕ್ ಅಂಗಿ ಕಳಚಿ ನೆಲಕ್ಕೆಸೆದು ಸ್ನಾನಕ್ಕೆ ಹೋದ. ದೊಡ್ಡ ಕ್ಲಬ್ಬುಗಳಲ್ಲಿ ಎತ್ತುವವರು ಬೇರೆ ಇರುತ್ತಾರೆ. ನಮ್ಮಲ್ಲಿ ಎಲ್ಲರೂ ತಂತಮ್ಮ ಅಂಗಿಯನ್ನು ಒಂದೇ ಚೀಲಕ್ಕೆ ತುಂಬುತ್ತಾರೆ. ಸರದಿ ಬಂದವನು ಆ ಚೀಲ ಮನೆಗೊಯ್ದು ಒಗೆದು ತರಬೇಕು. ಆಲೂಗಡ್ಡೆ ಫ್ರೈ ಗಾಡಿಯ ಗಿಸ್ಲೆನ್ ನಮ್ಮ ಗೋಲ್‌ಕೀಪರ್. ಆ ಅಂಗಿಯನ್ನು ತಾನೇ ಎತ್ತಿ ಹಾಕಿದೆನೆಂದು ಅವನು ಅಮ್ಮನ ಹತ್ತಿರ ಹೇಳಿಕೊಂಡ.

ಮುಂದಿನ ವಾರದಿಂದ ಲುದೊವಿಕ್ ತಿದ್ದಿಕೊಂಡ. ಆದರೆ ಚೀಲ ಮಾತ್ರ ಪ್ರತಿಸಲವೂ ಅವನನ್ನು ದಾಟಿ ಮುಂದಿನವನಿಗೆ ಹೋಗುತ್ತಿತ್ತು. ತನ್ನ ಸರದಿ ಯಾವಾಗ ಎಂದು ಒಮ್ಮೆ ಬಾಯಿಬಿಟ್ಟು ಕೇಳಿದ.

"ನಿಮಗ್ಯಾಕೆ ಬಿಡಿ, ದೊಡ್ಡೋರು ನೀವು. ಇದೆಲ್ಲಾ ನಮ್ಮಂಥೋರ ಕೆಲ್ಸ" ಅಂದ ಗಿಸ್ಲೆನ್.

ಎಲ್ಲರೂ ನಕ್ಕರು. ಲುದೊವಿಕ್ ಕೂಡ ನಕ್ಕ. ಅವರು ಹೆಗಲಿಗೆ ಹೆಗಲು ತಾಗಿಸಿ ಬಿಯರ್ ಕುಡಿಯುವಾಗ ಅವನು ಕೌಂಟರಿನ ತುದಿಯಲ್ಲಿ ನಿಂತು ತಣ್ಣಗಾದ ಕಾಫಿ ಕಲಕುತ್ತಿದ್ದ. ಮುಂದಿನ ವರ್ಷ ತಂಡಕ್ಕೆ ಹೆಸರು ಕೊಡುವುದಿಲ್ಲವೆಂದು ಅಮ್ಮನಿಗೊಬ್ಬಳಿಗೇ ಹೇಳಿದ.

ಮಾರ್ಚ್‌ನಲ್ಲಿ ಪಕ್ಕದೂರಿನವರು ಆಡಲು ಬಂದರು. ಆಟ ಮುಗಿಯುವ ಹೊತ್ತಿಗೆ ಲುದೊವಿಕ್ ಚೆಂಡನ್ನು ಹಗುರಾಗಿ ಹಿಂದಕ್ಕೆ, ಗಿಸ್ಲೆನ್‌ನ ಕಡೆಗೆ ತಳ್ಳಿದ. ಒಳ್ಳೆಯ ಹುಲ್ಲಿನ ಮೇಲಾದರೆ ಮುಟ್ಟುತ್ತಿತ್ತು. ನಮ್ಮ ಕೆಸರಿನಲ್ಲಿ ಅದು ಅರ್ಧದಾರಿಗೇ ನಿಂತಿತು. ಎದುರಾಳಿ ಓಡಿಬಂದು ಗೋಲು ಹೊಡೆದ. ನಾವು ಸೋತೆವು.

ಗಿಸ್ಲೆನ್ ಅವನನ್ನು ಬೈಯುತ್ತಲೇ ಕೌಂಟರಿಗೆ ಬಂದ. "ಕಾರ್ಪೆಟ್ ಮೇಲೆ ಆಡ್ತಿದೀಯೇನೋ ಲುದೊ? ಅಷ್ಟೂರು ಸುತ್ತಿ ಬಂದೆ, ಸ್ವಂತ ಊರಿನ ಕೆಸರು ಮರ್ತೆ."

ಆಮೇಲೆ ಒದ್ದೆ ಚೀಲವನ್ನು ಅವನ ಎದೆಗೆ ನೂಕಿದ. "ತಗೊಂಡೋಗಿ ಒಗಿ. ಅಂಗಿ ಮೇಲಿನ ಬಿಳಿ ಪಟ್ಟೆ ಬಿಳೀನೇ ಇರ್ಬೇಕು, ಹೇಳಿದೀನಿ."

ಲುದೊವಿಕ್ ಚೀಲವನ್ನು ಅವುಚಿಕೊಂಡ. "ಬಿಸಿನೀರಾ, ತಣ್ಣೀರಾ?" ಎಂದಷ್ಟೇ ಕೇಳಿದ.

ಮರುದಿನ ಅವನ ಹಿತ್ತಲಿನ ಹಗ್ಗದ ತುಂಬ ಅಂಗಿಗಳು ಗಾಳಿಗೆ ಉಬ್ಬಿ ನಿಂತಿದ್ದವು. ಸಂಜೆ ನಾನು ಕಾಲೇಜಿನಿಂದ ಬರುವಾಗಲೂ ಅವನು ಅವನ್ನು ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಒಬ್ಬನೇ ಕುಳಿತು ನೋಡುತ್ತಿದ್ದ.