ಪಾವಿನಲ್ಲಿ ಅಳೆದ ಸೋಪು

ನಾನು ಮಾಡಿದ ಸೋಪನ್ನು ಮೊದಲು ಮೈಗೆ ಹಚ್ಚಿಕೊಂಡವರು ನಮ್ಮತ್ತೆ. ಅವರು ತೀರಿಹೋಗಿ ವರ್ಷ ಕಳೆದಿದೆ. ಈಗಲೂ ಬಚ್ಚಲಲ್ಲಿ ಯಾರೇ ನೀರು ಸುರಿದುಕೊಳ್ಳಲಿ, ಅಡುಗೆಮನೆಯಲ್ಲಿ ನನ್ನ ಕೈ ತಾನಾಗಿ ನಿಂತುಬಿಡುತ್ತದೆ.

ಹೊಸೂರಿನಲ್ಲಿ ಐದು ದಿನ ಸೋಪು ಮಾಡುವ ತರಬೇತಿಗೆ ಹೋಗಿದ್ದೆ. ಕಲಿಸಿದಾಕೆ ತಮಿಳಿನಲ್ಲಿ ಒಂದೇ ಮಾತನ್ನು ಬೇಜಾರಾಗುವಷ್ಟು ಸಲ ಹೇಳಿದ್ದರು: ಎಣ್ಣೆಯಾಗಲಿ ಕಾಸ್ಟಿಕ್ ಸೋಡಾ ಆಗಲಿ, ತೂಕ ಮಾಡಿಯೇ ಹಾಕಬೇಕು, ಸೋಡಾ ಹೆಚ್ಚಾದರೆ ಚರ್ಮ ಸುಡುತ್ತದೆ. ನಾನು ಜಾಣೆಯ ಹಾಗೆ ತಲೆಯಾಡಿಸಿದೆ. ಮತ್ತಿಗಿರಿಯ ಮನೆಗೆ ಬಂದು ರಾಗಿ ಅಳೆಯುವ ಪಾವು ಕೈಗೆತ್ತಿಕೊಂಡೆ. ಮುದ್ದೆಗಾಗಲಿ ಹುರುಳಿಗಾಗಲಿ ಆ ಪಾವು ಒಮ್ಮೆಯೂ ನನಗೆ ಕೈಕೊಟ್ಟಿರಲಿಲ್ಲ. ಗ್ರಾಮಿನ ಲೆಕ್ಕವೆಲ್ಲ ಅಡುಗೆ ಬಾರದವರಿಗೆ ಎಂಬ ಜಂಬ ಬೇರೆ.

ಬಿಲ್ಲೆಗಳನ್ನು ಕತ್ತರಿಸಿ, ಒಂದು ತಿಂಗಳು ಒಣಗಿಸಿ, ಮೊದಲನೆಯದನ್ನು ಅತ್ತೆಗೆ ಕೊಟ್ಟೆ. ಉಳಿದವನ್ನು ಮಾರಲೆಂದು ಯಾರೂ ಮುಟ್ಟದಂತೆ ಎತ್ತಿಟ್ಟೆ. ಅಲ್ಲಿಂದ ಎರಡು ತಿಂಗಳು ಅವರು ದಿನಾ ಅದರಲ್ಲೇ ಮಿಂದರು. ನಾನು ಬಚ್ಚಲ ಬಾಗಿಲಲ್ಲೇ ಕಾದು ನಿಲ್ಲುತ್ತಿದ್ದೆ.

"ಹೆಂಗೈತೆ ಅತ್ತೆ?"

"ಬೋ ಚೆಂದಾಗೈತೆ ಕಣಮ್ಮ. ಇನ್ನೂ ಯಾಕ್ ಕಾಯ್ತೀಯ, ಮಾರು."

ಮದುವೆಯಾದಾಗಿನಿಂದ ಒಲೆ, ಹೊಲ ಬಿಟ್ಟರೆ ನನ್ನದು ಅನ್ನುವ ಕೆಲಸ ನನಗಿರಲಿಲ್ಲ. ಆ ಮಾತಿಗೆ ಹಿಗ್ಗಿ ಹೀರೇಕಾಯಿಯಾದೆ. ನಲವತ್ತು ಬಿಲ್ಲೆಗೆ ಕಾಗದ ಸುತ್ತಿ, ಸೋಮವಾರ ತಂದುಕೊಡುತ್ತೇನೆಂದು ಬೀದಿಯ ಅಂಗಡಿಗೆ ಹೇಳಿ ಬಂದೆ.

ಭಾನುವಾರ ಬೆಳಿಗ್ಗೆ ಅತ್ತೆ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದೆನೋವಿಗೂ ಸೋಪಿಗೂ ಸಂಬಂಧವಿಲ್ಲ, ಅಷ್ಟು ನನಗೂ ಗೊತ್ತು.

ಅಂಗಳದಲ್ಲಿ ಸೀರೆ ಮರೆ ಕಟ್ಟಿ ಹೆಂಗಸರು ಸ್ನಾನ ಮಾಡಿಸಿದರು. ನಾನು ನೀರು ಹಾಕುತ್ತಿದ್ದೆ. ಅತ್ತೆಯ ಅಕ್ಕ ಅವರನ್ನು ಮಗ್ಗುಲಿಗೆ ಹೊರಳಿಸಿದಾಗ, ರವಿಕೆ ಮುಚ್ಚಿಟ್ಟಿದ್ದ ಬೆನ್ನು ಕಂಡಿತು. ಬೆನ್ನೆಲ್ಲ ಕೆಂಪಾಗಿತ್ತು. ಅಲ್ಲಲ್ಲಿ ಚರ್ಮ ಸುಲಿದಿತ್ತು, ಹೆಗಲ ಕೆಳಗೆ ಬಿರಿದು ಕಪ್ಪುಗಟ್ಟಿತ್ತು.

"ಇದೇನಮ್ಮ, ಬೆನ್ನೆಲ್ಲ ಹಿಂಗಾಗ್ಬುಟ್ಟೈತೆ?" ಎಂದರು ಆಕೆ.

"ಬೆವರುಸಾಲೆ ದೊಡ್ಡಮ್ಮ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು.

ಕಾರ್ಯ ಮುಗಿದ ಮೇಲೆ ಅದೇ ಪಾವಿನಲ್ಲಿ ಸೋಡಾ ತುಂಬಿ, ಎರವಲು ತಂದ ತಕ್ಕಡಿಗೆ ಹಾಕಿ ನೋಡಿದೆ. ಕಲಿಸಿದ ಲೆಕ್ಕಕ್ಕಿಂತ ಬಹಳ ಹೆಚ್ಚಾಗಿತ್ತು. ನಲವತ್ತು ಬಿಲ್ಲೆಯನ್ನೂ ಹಿತ್ತಲಲ್ಲಿ ಹೂತೆ. ಮೈ ಉರಿಯುತ್ತಿದ್ದರೂ ಅವರು ಒಂದು ದಿನವೂ ಸೊಲ್ಲೆತ್ತಲಿಲ್ಲ. ಸೊಸೆಯ ಮುಖ ಸಪ್ಪಗಾದೀತೆಂದು ಸಹಿಸಿಕೊಂಡರು. ಅದಕ್ಕೆ ನನಗೆ ಅವರ ಮೇಲೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಪಾಪ ಅನ್ನುತ್ತಾರೆ, ಆಗಲಿ.

ಆಮೇಲೆ ಡಿಜಿಟಲ್ ತಕ್ಕಡಿ ತಂದೆ. ಸೋಪು ಮಾಡುತ್ತಲೇ ಇದ್ದೆ, ಮಾರಲು ಮಾತ್ರ ಧೈರ್ಯ ಬರಲಿಲ್ಲ. ನನ್ನ ಮೈಗೆ ಹಚ್ಚಿಕೊಂಡರೆ ಏನೂ ಆಗದಿದ್ದರೂ ಬೆನ್ನಲ್ಲಿ ಉರಿ ಬಂದಂತಾಗುತ್ತಿತ್ತು. ಗಂಡ ಸೂಪರ್ ಅಂದರು, ಮಗಳು ಸೂಪರ್ ಅಂದಳು. ಇಬ್ಬರೂ ಸ್ನಾನ ಮಾಡಿ ಬಂದರೆ ಬೆನ್ನು ತೋರಿಸಿ ಎಂದು ಗೋಳು ಹುಯ್ದುಕೊಳ್ಳುತ್ತಿದ್ದೆ. ಮಾರುವುದು ಯಾವಾಗ ಎಂದು ಕೇಳಿದವರಿಗೆಲ್ಲ ಮುಂದಿನ ತಿಂಗಳು ಅನ್ನುತ್ತಿದ್ದೆ.

ಈಚೆಗೆ ನಮ್ಮ ಪಕ್ಕದ ಪೋರ್ಷನ್ನಿಗೆ ಕಂಪನಿ ಕೆಲಸದ ತಮಿಳು ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಹಚ್ಚಿ ನೋಡಿ ನಿಜ ಹೇಳು ಎಂದು ಒಂದು ಬಿಲ್ಲೆ ಕೊಟ್ಟೆ. ವಾರದೊಳಗೆ ವಾಪಸ್ ತಂದು ಕಟ್ಟೆಯ ಮೇಲಿಟ್ಟಳು.

"ಮೈ ಒಣಗೋಗುತ್ತೆ ಅಕ್ಕಾ. ಇದಕ್ಕಿಂತ ಬಟ್ಟೆ ಸೋಪೇ ವಾಸಿ."

ಅವಳ ಎದುರಿಗೇ ಅಳು ಬಂತು. ಹುಡುಗಿ ಗಾಬರಿಯಾಗಿ, "ಸಾರಿ ಅಕ್ಕಾ, ಸಾರಿ" ಎಂದು ನನ್ನ ಕೈ ಹಿಡಿದುಕೊಂಡಳು. ಬೇಜಾರಿನ ಅಳು ಅಲ್ಲವೆಂದು ಅವಳಿಗೆ ಹೇಗೆ ಹೇಳುವುದು?

ತೆಂಗಿನೆಣ್ಣೆ ಕಡಿಮೆ ಮಾಡಿ, ಹರಳೆಣ್ಣೆ ಒಂದಿಷ್ಟು ಸೇರಿಸಿ, ಗ್ರಾಮು ಗ್ರಾಮು ತೂಗಿ ಹೊಸದು ಮಾಡಿದೆ. ಒಣಗಿದ ಮೇಲೆ ಮತ್ತೆ ಅವಳಿಗೇ ಕೊಟ್ಟೆ. ಹತ್ತು ದಿನ ಅವಳು ಈ ಕಡೆ ಸುಳಿಯಲಿಲ್ಲ. ಹನ್ನೊಂದನೆಯ ದಿನ ಕೆಲಸದಿಂದ ಬಂದವಳು ಬಾಗಿಲಲ್ಲೇ ನಿಂತು, ಇನ್ನೆರಡು ಬೇಕು, ಎಷ್ಟು ಕೊಡಲಿ ಎಂದು ಕೇಳಿದಳು.

"ಮೊದಲು ಹೆಂಗಿತ್ತು ಹೇಳು" ಎಂದೆ.

ಹುಡುಗಿ ಸ್ವಲ್ಪ ಯೋಚಿಸಿ, "ಪರವಾಗಿಲ್ಲ ಅಕ್ಕಾ" ಎಂದಳು.

ದುಡ್ಡು ತೆಗೆದುಕೊಂಡು ಎರಡು ಬಿಲ್ಲೆ ಕೊಟ್ಟೆ. ಬೋ ಚೆಂದಾಗೈತೆ ಅಂದಿದ್ದರೆ ಕೊಡುತ್ತಿರಲಿಲ್ಲ.