ಪ್ಲೇಟು ಬದಲಿಸುವ ಹೊತ್ತು

ನನ್ನ ಮದುವೆಯ ಮಾತು ಬಂದರೆ ಸಾಕು, ನಮ್ಮ ಮನೆಯವರೆಲ್ಲ ನೇರ ಮೈಕ್ ಸೆಟ್ಟಿನ ಸುದ್ದಿಗೆ ಹಾರುತ್ತಾರೆ. ಮದುಮಗಳು ಹೇಗಿದ್ದಳು ಎಂದು ಒಬ್ಬರಿಗೂ ನೆನಪಿಲ್ಲ. ಮೈಕಿನ ಹಾರ್ನನ್ನು ಯಾವ ಹಲಸಿನ ಮರಕ್ಕೆ ಕಟ್ಟಿದ್ದರೆಂದು ಮಾತ್ರ ಎಲ್ಲರಿಗೂ ನೆನಪಿದೆ.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಹಿರಿಯರು ಸೇರಿದಲ್ಲೆಲ್ಲ ಅದರ ಲಾಭನಷ್ಟದ ಚರ್ಚೆ. ನಮ್ಮಂಥ ಹುಡುಗಿಯರಿಗೆ ಸಿಲೋನಿನಿಂದ ರೇಡಿಯೋದಲ್ಲಿ ಬರುವ ಸಿನಿಮಾ ಹಾಡುಗಳದೇ ಚಿಂತೆ. ಅದುವರೆಗೆ ಮದುವೆಯೆಂದರೆ ವಾಲಗ, ವಾಲಗವೆಂದರೆ ಮದುವೆ. ಆ ವರ್ಷಗಳಲ್ಲಿ ಹಾಡಿನ ಧಾಟಿಯೇ ಬದಲಾಗುತ್ತಿತ್ತು. ಗಿಟಾರಂತೆ, ಸೊಂಟ ಕುಣಿಸುವ ತಾಳವಂತೆ! ಭಾಗಮಂಡಲದ ಬಸ್ಸಿನ ಟಾಪಿನ ಮೇಲೆ ಅಕ್ಕಿಮೂಟೆಯ ಪಕ್ಕದಲ್ಲಿ ಹಾರ್ನು, ಬ್ಯಾಟರಿ, ಗ್ರಾಮೋಫೋನ್ ಪ್ಲೇಟಿನ ಪೆಟ್ಟಿಗೆಗಳೂ ಬರತೊಡಗಿದವು.

ನನಗೆ ಹಾಡೆಂದರೆ ಪ್ರಾಣ. ಆದರೂ ಮದುವೆ ಗೊತ್ತಾದ ದಿನದಿಂದ ನನ್ನ ತಲೆಯಲ್ಲಿದ್ದದ್ದು ಒಂದೇ, ನೀರು.

ನಮ್ಮಲ್ಲಿ ಮದುಮಗಳು ಗಂಡನ ಮನೆ ಸೇರಿದ ಮೇಲೆ ಬಾವಿಯ ಹತ್ತಿರ ಗಂಗೆಪೂಜೆ ಮಾಡಿ, ನೀರು ಸೇದಿ, ತುಂಬಿದ ಎರಡು ತಾಮ್ರದ ಕೊಡಗಳನ್ನು ಒಂದರ ಮೇಲೊಂದು ತಲೆಯಲ್ಲಿ ಹೊತ್ತು ಅಡುಗೆಮನೆಗೆ ತಂದು ಇಳಿಸಬೇಕು. ಇಷ್ಟೇ ಆಗಿದ್ದರೆ ಯಾರಾದರೂ ಮಾಡಿಯಾರು. ಆದರೆ ಗಂಡಿನ ಕಡೆಯವರು ದಾರಿಗೆ ಅಡ್ಡವಾಗಿ ವಾಲಗಕ್ಕೆ ಕುಣಿಯುತ್ತಾರೆ. ಅವರು ಸರಿಯದೆ ಅವಳು ಮುಂದೆ ಹೋಗುವಂತಿಲ್ಲ, ಕೊಡ ಕೆಳಗಿಡುವಂತೆಯೂ ಇಲ್ಲ. ಎಲ್ಲ ತಮಾಷೆಗೇ. ತಮಾಷೆ ಎಷ್ಟು ಭಾರವೆಂದು ಹೊತ್ತವಳ ಕುತ್ತಿಗೆಯನ್ನು ಕೇಳಬೇಕು. ನನ್ನ ಅಕ್ಕ ತನ್ನ ಮದುವೆಯಲ್ಲಿ ನಿಂತೂ ನಿಂತೂ ಆಮೇಲೆ ವಾರವಿಡೀ ಕತ್ತು ತಿರುಗಿಸದೆ ಮೈಯನ್ನೇ ತಿರುಗಿಸಿ ಮಾತಾಡುತ್ತಿದ್ದಳು.

ಆ ಮಳೆಗಾಲದಲ್ಲಿ ನನಗೆ ಟೈಫಾಯ್ಡ್ ಬಂದು ಹೋಗಿತ್ತು. ಮೈಯಲ್ಲಿ ಎಲುಬು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಮಾತುಕತೆಗೆಂದು ಬಂದಿದ್ದ ನನ್ನ ಅತ್ತೆಯಾಗುವವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನನಗೆ ಕೇಳುವಂತೆಯೇ ಅಂದರು:

“ಇಷ್ಟ್ ಸಪೂರ ಗೂಡೆಗೆ ಆ ಕೊಡ ಹೊರಿಕೆ ಆದೆನಾ?”

ಹುಡುಗಿಗೆ ನಮ್ಮ ಅರೆಭಾಷೆಯಲ್ಲಿ ಗೂಡೆ ಅನ್ನುತ್ತಾರೆ. ಅಂದು ಆ ಶಬ್ದ ನನಗೆ ಬೈಗುಳದಂತೆ ಕೇಳಿಸಿತು. ಹೊತ್ತೇ ತೋರಿಸುತ್ತೇನೆ ಎಂದು ಹಟ ಹಿಡಿದೆ. ಅವ್ವ ದಿನಾ ಬೆಳಿಗ್ಗೆ ನನ್ನ ತಲೆಗೆ ಕೊಡ ಏರಿಸಿ ಅಂಗಳ ಸುತ್ತಿಸಿದಳು. ಒಂದು ಕೊಡಕ್ಕೆ ತೊಂದರೆಯಿರಲಿಲ್ಲ. ಎರಡನೆಯದು ಏರಿದ ಕೂಡಲೇ ಮೊಣಕಾಲು ನಡುಗುತ್ತಿತ್ತು. ಅಡ್ಡ ಕುಣಿಯುವವರಿಲ್ಲದ ನಮ್ಮದೇ ಅಂಗಳದಲ್ಲಿ ಈ ಪಾಡು. ದಾರಿ ಮಧ್ಯೆ ಕೊಡ ಇಳಿಸಿದ ಸೊಸೆ ಎಂಬ ಹೆಸರು ಹೊತ್ತುಕೊಂಡು ಆ ಮನೆಯಲ್ಲಿ ಬದುಕುವುದು ಹೇಗೆಂದು ಹೆದರಿ ಎಷ್ಟೋ ಸಲ ಅತ್ತಿದ್ದೇನೆ.

ಮೈಕ್ ಸೆಟ್ಟು ತರಿಸಿದವಳು ನನ್ನ ನಾದಿನಿ, ನನ್ನವರ ತಂಗಿ. ಮಡಿಕೇರಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಪುಸ್ತಕಕ್ಕಿಂತ ಹೆಚ್ಚು ಸಿನಿಮಾ ಹಾಡು ಓದಿಕೊಂಡಿದ್ದಳು. ಮಿಲಿಟರಿಯಿಂದ ಬಂದಿದ್ದ ಮಾವನಿಗೂ ಹೊಸದೆಂದರೆ ಇಷ್ಟ. “ವಾಲಗದವು ಬೆಳಗ್ಗಿಂದ ಊದಿ ಸೋತೊಳೊ. ನೀರ್ ತರುವಾಗ ಅವು ಉಣ್ಲಿ, ಪ್ಲೇಟ್ ಹಾಕನೊ” ಎಂದು ತೀರ್ಮಾನ ಕೊಟ್ಟರು. ಮೈಕಿನವನೂ ಊಟಕ್ಕೆ ಕೂತ. ಯಂತ್ರಕ್ಕೆ ಕೀ ಕೊಡುವ, ಪ್ರತಿ ಪ್ಲೇಟಿಗೂ ಮುಳ್ಳು ಬದಲಿಸುವ, ಪ್ಲೇಟು ಹಾಕುವ ಅಧಿಕಾರವೆಲ್ಲ ನಾದಿನಿಯದಾಯಿತು. ಅಂದರೆ ನನ್ನನ್ನು ನಿಲ್ಲಿಸಿ ಸತಾಯಿಸುವ ಕಡೆಯವಳೇ ಹಾಡಿನ ಒಡತಿ.

ಬಾವಿ ಕೆಳಗೆ ಗದ್ದೆಯ ಅಂಚಿನಲ್ಲಿ, ಮನೆ ಮೇಲೆ ಗುಡ್ಡದಲ್ಲಿ. ಸಿಂಬಿಯಿಟ್ಟು ಎರಡೂ ಕೊಡ ಏರಿಸಿದರು. ಹಾರ್ನು ಗೊರಗೊರ ಎಂದು ಒಮ್ಮೆ ಕೆಮ್ಮಿ ಕುಣಿತದ ಹಾಡೊಂದನ್ನು ಊರಿಗೆಲ್ಲ ಎರಚಿತು. ನನ್ನ ಮುಂದೆ ಗಂಡಿನ ಕಡೆಯವರು ಗುಂಪುಗಟ್ಟಿದರು. ಹುಡುಗರು ಸಿನಿಮಾದಲ್ಲಿ ಕಂಡಂತೆ ಸೊಂಟ ತಿರುಗಿಸಿದರು. ಹಿರಿಯರಿಗೆ ಗೊತ್ತಿದ್ದದ್ದು ವಾಲಗದ ನಿಧಾನದ ಹೆಜ್ಜೆ ಒಂದೇ. ಓಡುವ ಹಾಡಿಗೆ ಅವರು ಅದನ್ನೇ ಹಾಕಿದರು. ಒಬ್ಬರ ಮೊಣಕೈ ಇನ್ನೊಬ್ಬರ ಹೊಟ್ಟೆಗೆ ಬಡಿಯಿತು, ಯಾರದೋ ಪೇಟ ಉರುಳಿ ಗದ್ದೆಗೆ ಬಿತ್ತು. ನನಗೆ ನಗು ಉಕ್ಕಿ ಬಂತು. ನಕ್ಕರೆ ನೀರು ಚೆಲ್ಲುತ್ತದೆ. ಹಲ್ಲು ಕಚ್ಚಿ ನಿಂತೆ.

ಇನ್ನು ನಿಲ್ಲಲಾರೆ ಅನ್ನಿಸುವ ಹೊತ್ತಿಗೆ ಪ್ಲೇಟು ಮುಗಿಯಿತು.

ಇದನ್ನು ಯಾರೂ ಯೋಚಿಸಿರಲಿಲ್ಲ. ವಾಲಗ ತಾನಾಗಿ ಮುಗಿಯುವುದಿಲ್ಲ, ಕುಣಿಯುವವರು ಸಾಕೆನ್ನುವವರೆಗೂ ಊದುತ್ತಲೇ ಇರುತ್ತಾರೆ. ಆ ಕಾಲದ ಪ್ಲೇಟಿಗಾದರೆ ಮೂರು ನಿಮಿಷದ ಆಯಸ್ಸು. ಕುಣಿಯುತ್ತಿದ್ದವರು ಎತ್ತಿದ ಕೈ ಏನು ಮಾಡುವುದೆಂದು ತಿಳಿಯದೆ ಹಾಗೇ ನಿಂತರು. ನನ್ನ ತವರಿನ ಅಜ್ಜ ಒಬ್ಬರು ಸಮಯ ಬಿಡಲಿಲ್ಲ.

“ಹಾಡ್ ನಿಂತ ಮೇಲೆ ಎಂಥ ಕುಣಿಯದು? ಗೂಡೆಗೆ ದಾರಿ ಬುಡಿ!”

ನ್ಯಾಯವೇ ಅಲ್ಲವೇ? ಗೊಣಗುತ್ತಾ ಸರಿದರು. ನಾನು ಬೇಗ ಬೇಗ ಕಾಲು ಹಾಕಿದೆ. ಮೇಲಿಂದ ನಾದಿನಿಯ ಗಾಬರಿಯ ದನಿ ಕೇಳಿತು: “ಮುಳ್ಳ್ ಕಾಣ್ತಿಲ್ಲೆ! ಒಂದ್ ಚೂರ್ ತಡೆಯಿರಿ!” ನಾನು ಕಾಫಿಗಿಡಗಳ ಸಾಲು ದಾಟಿದ ಮೇಲೆ ಅವಳಿಗೆ ಮುಳ್ಳು ಸಿಕ್ಕಿತು. ಮತ್ತೆ ಹಾಡು, ಮತ್ತೆ ಗುಂಪು. ಆ ಪ್ಲೇಟೂ ಮುಗಿಯಿತು. ಈ ಸಲ ಕೀ ಬಿಗಿಯಾಗಿದೆಯಂತೆ! ಹೀಗೇ ಪ್ರತಿ ಪ್ಲೇಟಿನ ಕೊನೆಯಲ್ಲೂ ಅವಳಿಗೆ ಏನಾದರೊಂದು ತೊಂದರೆ. “ಬೇಗ ಹಾಕ್ ಮಾರಾಯ್ತಿ” ಎಂದು ಹುಡುಗರು ಕೂಗಿಕೊಂಡರು. ಊಟಕ್ಕೆ ಕೂತಿದ್ದ ವಾಲಗದವರು ಎಲೆಯ ಮುಂದೆಯೇ ಹೊಟ್ಟೆ ಹಿಡಿದು ನಗುತ್ತಿದ್ದರು.

ಹಾಗೆ ಹಾಡು ನಿಂತಾಗಲೆಲ್ಲ ನಡೆದು ನಾನು ಅಡುಗೆಮನೆಯ ಹೊಸಿಲು ದಾಟಿದೆ. ಅತ್ತೆ ಎರಡೂ ಕೈ ಚಾಚಿ ಕೊಡ ಇಳಿಸಿಕೊಂಡರು. ಮೇಲಿನ ಕೊಡದೊಳಗೆ ಇಣುಕಿ, ನೀರು ತುಂಬಿಯೇ ಇರುವುದನ್ನು ನೋಡಿ, “ತುಂಬಿ ಉಟ್ಟಲ್ಲಾ” ಎಂದು ನನ್ನ ಕೆನ್ನೆ ಸವರಿದರು. ಅಷ್ಟು ದಿನದ ಹೆದರಿಕೆ ಒಂದೇ ಸಲಕ್ಕೆ ಇಳಿದು ನಾನು ಅಲ್ಲೇ ಅತ್ತುಬಿಟ್ಟೆ.

ನಾದಿನಿ ಓಡಿ ಬಂದು ನನ್ನ ಕೈ ಹಿಡಿದಳು. ಅವಳ ಅಂಗೈಯಲ್ಲಿ ಏನೋ ಒರಟೊರಟು. ಬಿಡಿಸಿ ನೋಡಿದರೆ ಅಂಗೈ ತುಂಬ ಕೆಂಪು ಚುಕ್ಕಿಗಳು. ಕಾಣೆಯಾಗಿದ್ದ ಮುಳ್ಳುಗಳನ್ನೆಲ್ಲ ಮುಷ್ಟಿಯಲ್ಲೇ ಬಿಗಿಹಿಡಿದಿದ್ದಳು. ಬೆರಳನ್ನು ತುಟಿಗಿಟ್ಟು, “ಅವ್ವಂಗೆ ಹೇಳ್ಬೇಡಿ ಅತ್ತಿಗೆ” ಅಂದಳು. ಹೊಸ ಮನೆಯಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆಂದು ನನಗೆ ಗೊತ್ತಾದದ್ದು ಆಗ.

ಆಮೇಲೆ ದೊಡ್ಡ ಪ್ಲೇಟು ಬಂತು, ಒಂದೇ ಮಗ್ಗುಲಲ್ಲಿ ಎಷ್ಟೋ ಹಾಡು. ಟ್ರಾನ್ಸಿಸ್ಟರ್ ಬಂತು, ಕ್ಯಾಸೆಟ್ ಬಂತು. ಪ್ರತಿಸಲವೂ ಊರು ಹೊಸ ಹಾಡಿಗೆ ಹುಚ್ಚಾಯಿತು, ನಾವಿಬ್ಬರೂ ಆದೆವು. ಜೊತೆಗೆ ನಾವಿಬ್ಬರು ಮಾತ್ರ ಲೆಕ್ಕಹಾಕಿದ್ದೂ ಒಂದಿದೆ: ಹಾಡು ಉದ್ದವಾದಷ್ಟೂ ಮದುಮಗಳಿಗೆ ಕಷ್ಟ.

ನನ್ನ ಮಗನ ಮದುವೆಗೆ ಟೇಪ್ ರೆಕಾರ್ಡರ್ ಬಂತು. ಸೊಸೆ ಕುಶಾಲನಗರದ ಕಡೆಯವಳು, ಹಾಸನದಿಂದ ಬಂದು ನೆಲೆಸಿದವರ ಮಗಳು. ಅವರಲ್ಲಿ ಈ ಪದ್ಧತಿಯೇ ಇಲ್ಲ. ಕೊಡ ಹೊತ್ತು ನಿಂತಿದ್ದ ಹುಡುಗಿಯ ಗಲ್ಲ ನಡುಗುವುದು ನನಗೆ ದೂರದಿಂದಲೇ ಕಂಡಿತು. ಹಾಡು ಮುಗಿಯುವ ಲಕ್ಷಣವಿರಲಿಲ್ಲ. ನಾನು ಮೆಲ್ಲನೆ ಹೋಗಿ ಗುಂಡಿ ಒತ್ತಿ, ಕ್ಯಾಸೆಟ್ ಹೊರಗೆಳೆದೆ.

“ಟೇಪ್ ಸಿಕ್ಕಾಕಂಡುಟ್ಟು!” ಎಂದು ಗಟ್ಟಿಯಾಗಿ ಕೂಗಿ, ಪೆನ್ಸಿಲ್ ತೂರಿಸಿ ಸುತ್ತತೊಡಗಿದೆ.

ಕುಣಿಯುವವರು ಕೈ ಇಳಿಸಿದರು. ಹುಡುಗಿ ಹೆಜ್ಜೆ ಹಾಕಿದಳು. ತಲೆ ನರೆತ ನನ್ನ ನಾದಿನಿ ಪಕ್ಕಕ್ಕೆ ಬಂದು ನಿಂತು, ನನ್ನ ಕಿವಿಗೆ ಬಾಯಿಟ್ಟು ಅಂದಳು:

“ಮೆಲ್ಲ ತಿರ್ಗ್ಸಿ ಅತ್ತಿಗೆ, ಗೂಡೆ ಇನ್ನೂ ಅಂಗಳಲಿ ಉಟ್ಟು.”